ತುಂಡು ಹೊಲ, ಖಾಲಿ ಕೈ: ಬಾಬಾಸಾಹೇಬರು ಓದಿದ ಅರ್ಥಶಾಸ್ತ್ರ

ಎಂ.ಎ. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ‘ಅಭಿವೃದ್ಧಿ ಅರ್ಥಶಾಸ್ತ್ರ’ ಅನ್ನುವ ಒಂದು ಪತ್ರಿಕೆ ಇರುತ್ತದೆ. ಬಡ ದೇಶಗಳು ಯಾಕೆ ಬಡವಾಗಿ ಉಳಿದವು, ಅವು ತಲೆ ಎತ್ತುವುದು ಹೇಗೆ ಅನ್ನುವುದು ಅದರ ವಿಚಾರ. ಅದರೊಳಗೆ ‘ಹೆಚ್ಚುವರಿ ಶ್ರಮ’ದ ಪಾಠವೊಂದು ಬರುತ್ತದೆ. ಹೊಲದ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಜನ ಬಿದ್ದಿದ್ದಾರೆ, ಅವರಲ್ಲಿ ಒಂದಷ್ಟು ಜನರನ್ನು ಎಬ್ಬಿಸಿ ಬೇರೆ ಕಡೆ ಕಳಿಸಿದರೂ ಬೆಳೆ ಒಂದು ಸೇರೂ ಕಡಿಮೆಯಾಗುವುದಿಲ್ಲ ಎಂದು ಅಲ್ಲಿ ಹೇಳುತ್ತಾರೆ. ಕೂಲಿ ಮಾಡಿದವರ ಮನೆಯಿಂದ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರಿಗೆ ಈ ಪಾಠ ಓದುವಾಗ ಒಂಥರಾ ಆಗುತ್ತದೆ. ಆ ‘ಹೆಚ್ಚುವರಿ’ಗಳು ಯಾರು? ನಮ್ಮ ಅಪ್ಪ, ಅವ್ವ, ದೊಡ್ಡಪ್ಪ, ಚಿಕ್ಕವ್ವ. ಪರೀಕ್ಷೆಗೆಂದು ನಾವು ಉರು ಹೊಡೆಯುತ್ತಿರುವುದು ನಮ್ಮ ಮನೆಯ ಕತೆಯನ್ನೇ, ಬೇರೆಯವರ ಮಾತಿನಲ್ಲಿ.

ಪಾಠದ ಜೊತೆಗೆ ಕೆಲವು ಹೆಸರುಗಳೂ ಬರುತ್ತವೆ. ರೋಸೆನ್‌ಸ್ಟೀನ್ ರೋಡಾನ್ 1943, ನರ್ಕ್ಸೆ 1953, ಆರ್ಥರ್ ಲೂಯಿಸ್ 1954. ಎರಡನೆಯ ಮಹಾಯುದ್ಧದ ಆಚೀಚೆ ಹುಟ್ಟಿದ ಶಾಸ್ತ್ರ ಇದು ಎಂದು ನೋಟ್ಸಿನಲ್ಲಿ ಬರೆದುಕೊಳ್ಳುತ್ತೇವೆ. ಆ ಪಟ್ಟಿಯಲ್ಲಿ ಒಂದು ಹೆಸರು ಹುಡುಕಿದರೂ ಸಿಗುವುದು ಅಪರೂಪ. ಭೀಮರಾವ್ ರಾಮಜಿ ಅಂಬೇಡ್ಕರ್, 1918.

ಬಾಬಾಸಾಹೇಬರನ್ನು ನಮ್ಮ ವಿದ್ಯಾವಂತ ಸಮಾಜ ಎಲ್ಲಿ ಕೂರಿಸಿದೆ ನೋಡಿ. ಸಂವಿಧಾನದ ಪುಟದಲ್ಲಿ, ಸರ್ಕಲ್ಲಿನ ಕಲ್ಲುಪೀಠದ ಮೇಲೆ, ಏಪ್ರಿಲ್ 14ರ ರಜೆಯಲ್ಲಿ. ಅವರು ಹರೆಯದ ವರ್ಷಗಳನ್ನು ತೆತ್ತು ಓದಿದ ಶಾಸ್ತ್ರ ಯಾವುದು ಅಂತ ಕೇಳಿದರೆ ‘ಕಾನೂನು’ ಅಂತಾರೆ. ಬ್ಯಾರಿಸ್ಟರಿ ಒಂದು ಕಡೆ ಇರಲಿ, ಅವರ ಎಂ.ಎ., ಎಂ.ಎಸ್ಸಿ., ಡಿ.ಎಸ್ಸಿ., ಪಿಎಚ್.ಡಿ. ನಾಲ್ಕೂ ಅರ್ಥಶಾಸ್ತ್ರದ್ದೇ. ಇದನ್ನು ಬರೀ ಮರೆವು ಎಂದು ಬಿಡಲಿಕ್ಕೆ ನಮಗೆ ಮನಸ್ಸಿಲ್ಲ. ಅಸ್ಪೃಶ್ಯನೊಬ್ಬ ಅಸ್ಪೃಶ್ಯರ ಗೋಳು ಹೇಳಿಕೊಂಡರೆ ಈ ವ್ಯವಸ್ಥೆ ಹೇಗೋ ಸಹಿಸಿಕೊಳ್ಳುತ್ತದೆ. ಅವನು ಇಡೀ ದೇಶದ ಹೊಲ, ಹಣ, ತೆರಿಗೆಯ ಲೆಕ್ಕ ತೆಗೆದು ಮುಂದಿಟ್ಟರೆ ಕಿವಿ ಮುಚ್ಚಿಕೊಳ್ಳುತ್ತದೆ. ಆ ಲೆಕ್ಕದ ಚರಿತ್ರೆಯನ್ನು ಇಲ್ಲಿ ಬರೆಯುತ್ತಿದ್ದೇವೆ.

1. ಹನ್ನೊಂದೂವರೆ ಪೌಂಡಿನ ಓದು

1912ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎ. ಪದವಿ ಪಡೆದ ಅಂಬೇಡ್ಕರರಿಗೆ 1913ರಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ ಸಿಕ್ಕಿತು. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷಕ್ಕೆ. ಓದಿ ಬಂದ ಮೇಲೆ ಹತ್ತು ವರ್ಷ ಬರೋಡ ಸಂಸ್ಥಾನದಲ್ಲಿ ನೌಕರಿ ಮಾಡಬೇಕು ಅನ್ನುವ ಕರಾರೂ ಅದರ ಜೊತೆಗಿತ್ತು. ಅದೇ ವರ್ಷ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಅರ್ಥಶಾಸ್ತ್ರ ಒಂದರಲ್ಲೇ 29 ಕೋರ್ಸು ತೆಗೆದುಕೊಂಡರು. ಅದರ ಮೇಲೆ ಚರಿತ್ರೆ, ಸಮಾಜಶಾಸ್ತ್ರ, ತತ್ವಶಾಸ್ತ್ರ, ಮಾನವಶಾಸ್ತ್ರ. ಹಸಿದವನ ಮುಂದೆ ಅನ್ನದ ಗುಡಾಣ ಇಟ್ಟ ಹಾಗೆ. ಮತ್ತೆ ಸಿಗುತ್ತದೋ ಇಲ್ಲವೋ ಅನ್ನುವ ಹಸಿವು ಅದು. ಮನೆಯಲ್ಲಿ ಮೊದಲು ಅಕ್ಷರ ಕಂಡವರಿಗೆ ಮಾತ್ರ ಅದು ಗೊತ್ತು.

ಅಲ್ಲಿ ಅವರಿಗೆ ಸಿಕ್ಕ ಗುರುಗಳಲ್ಲಿ ಒಬ್ಬರು ಎಡ್ವಿನ್ ಸೆಲಿಗ್ಮನ್. ಸರ್ಕಾರದ ಬೊಕ್ಕಸಕ್ಕೆ ದುಡ್ಡು ಯಾರ ಜೇಬಿನಿಂದ ಬರುತ್ತದೆ, ಯಾರ ಬಾಗಿಲಿಗೆ ಹೋಗುತ್ತದೆ ಅನ್ನುವುದು ಅವರ ಶಾಸ್ತ್ರ. ಶಿಷ್ಯ ಅದನ್ನು ಕಲಿತು ಮೊದಲು ತಿರುಗಿಸಿದ್ದು ಈಸ್ಟ್ ಇಂಡಿಯಾ ಕಂಪನಿಯ ಕಡೆಗೆ. ಕಂಪನಿಯ ಆಡಳಿತ ಮತ್ತು ಹಣಕಾಸಿನ ಮೇಲೆ ಬರೆದ ಪ್ರಬಂಧವನ್ನು 1915ರ ಮೇ ತಿಂಗಳಲ್ಲಿ ಸಲ್ಲಿಸಿದರು. ಆ ವರ್ಷವೇ ಎಂ.ಎ. ಆಯಿತು. ಮಾರನೆಯ ವರ್ಷ, 1916ರ ಮೇ ತಿಂಗಳಲ್ಲಿ, ಮಾನವಶಾಸ್ತ್ರದ ಸೆಮಿನಾರಿನಲ್ಲಿ ಭಾರತದ ಜಾತಿಗಳ ಹುಟ್ಟಿನ ಬಗ್ಗೆ ಪ್ರಬಂಧ ಓದಿದರು. ಒಂದು ಕೈಯಲ್ಲಿ ಹಣಕಾಸು, ಇನ್ನೊಂದು ಕೈಯಲ್ಲಿ ಜಾತಿ. ಈ ಎರಡು ಕೈಗಳನ್ನು ಅವರು ಕೊನೆಯ ತನಕ ಬಿಡಿಸಲಿಲ್ಲ. ನಮ್ಮ ವಿಶ್ವವಿದ್ಯಾಲಯಗಳೇ ಅವನ್ನು ಬೇರೆ ಬೇರೆ ವಿಭಾಗಗಳಿಗೆ ಹಂಚಿ ಹಾಕಿದವು.

1916ರ ಅಕ್ಟೋಬರಿನಲ್ಲಿ ಲಂಡನ್ನಿಗೆ ಹೋಗಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಓದು ಕುದುರುವ ಹೊತ್ತಿಗೆ ವಿದ್ಯಾರ್ಥಿವೇತನದ ಅವಧಿ ಮುಗಿಯಿತು. ನಾಲ್ಕು ವರ್ಷದೊಳಗೆ ತಿರುಗಿ ಬಂದು ಮುಗಿಸಬಹುದು ಅನ್ನುವ ಅನುಮತಿ ಹಿಡಿದುಕೊಂಡು 1917ರಲ್ಲಿ ಊರಿಗೆ ಹೊರಟರು. ಯುದ್ಧದ ಕಾಲ. ಪುಸ್ತಕಗಳನ್ನು ಬೇರೆ ಹಡಗಿಗೆ ಹಾಕಿದ್ದರು. ಆ ಹಡಗನ್ನು ಜರ್ಮನಿಯ ಜಲಾಂತರ್ಗಾಮಿ ಮುಳುಗಿಸಿತು. ಹೊಟ್ಟೆ ಕಟ್ಟಿ ಕೊಂಡ ಪುಸ್ತಕಗಳು ಸಮುದ್ರದ ಪಾಲಾದವು.

2. ಬರೋಡ ಕೊಟ್ಟ ಕೋಣೆ

ಕರಾರಿನಂತೆ ಅವರು ಬರೋಡಕ್ಕೆ ನೌಕರಿಗೆ ಹೋದರು. ಅಮೆರಿಕದ ಎಂ.ಎ. ಪದವೀಧರನಿಗೆ ಆ ಊರಿನಲ್ಲಿ ತಲೆ ಇಡಲು ಒಂದು ಕೋಣೆ ಸಿಗಲಿಲ್ಲ. ಹಿಂದೂಗಳ ಹೋಟೆಲಿಗೆ ಹೋಗುವಂತಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿಗಳ ತಂಗುಮನೆಯೊಂದರ ಮಾಳಿಗೆಯಲ್ಲಿ ಇದ್ದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಜನ ಬಂದು ಮೆಟ್ಟಿಲ ಮೇಲೆ ನಿಂತರು. ಸಂಜೆಯೊಳಗೆ ಜಾಗ ಖಾಲಿ ಮಾಡಬೇಕು ಅಂದರು. ಗೆಳೆಯರ ಮನೆ ಬಾಗಿಲು ತೆರೆಯಲಿಲ್ಲ. ಸಾರ್ವಜನಿಕ ತೋಟದಲ್ಲಿ ಕೂತು ಕಾದು ರಾತ್ರಿ ರೈಲು ಹತ್ತಿ ಮುಂಬಯಿಗೆ ಹೋದರು. ಇದನ್ನೆಲ್ಲ ಅವರೇ ಬರೆದಿಟ್ಟಿದ್ದಾರೆ. ಕಚೇರಿಯಲ್ಲಿ ಜವಾನರು ಕಡತಗಳನ್ನು ದೂರದಿಂದ ಎಸೆಯುತ್ತಿದ್ದರು ಅನ್ನುವುದೂ ಅವರ ಜೀವನಚರಿತ್ರೆಗಳಲ್ಲಿದೆ.

ಇದೇ 1917ರಲ್ಲಿ ಬರೋಡ ಸಂಸ್ಥಾನದ ಒಂದು ಸಮಿತಿ ಸಣ್ಣ ಮತ್ತು ಚದುರಿದ ಹಿಡುವಳಿಗಳನ್ನು ಒಟ್ಟುಗೂಡಿಸುವ ಬಗ್ಗೆ ವರದಿ ಬರೆದಿತ್ತು. ಮುಂಬಯಿ ಪ್ರಾಂತದಲ್ಲೂ ಅದೇ ಮಾತು ನಡೆದಿತ್ತು. ಹೊಲಗಳು ತುಂಡು ತುಂಡಾಗಿವೆ, ಅದಕ್ಕೇ ಬೇಸಾಯ ಹಾಳಾಗಿದೆ, ತುಂಡುಗಳನ್ನು ಕೂಡಿಸಿ ದೊಡ್ಡದು ಮಾಡೋಣ, ಮುಂದೆ ಒಡೆಯದ ಹಾಗೆ ಕಾನೂನು ತರೋಣ ಅನ್ನುವ ಮಾತು.

1918ರ ನವೆಂಬರಿನಲ್ಲಿ ಅಂಬೇಡ್ಕರರು ಮುಂಬಯಿಯ ಸಿಡನ್ಹ್ಯಾಂ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಅಲ್ಲೂ ಅಧ್ಯಾಪಕರ ಕೋಣೆಯ ನೀರಿನ ಮಡಕೆ ಮುಟ್ಟುವುದಕ್ಕೆ ಕೆಲವು ಸಹೋದ್ಯೋಗಿಗಳು ತಕರಾರು ತೆಗೆದರು. ಆ ವರ್ಷವೇ ‘ಭಾರತದ ಸಣ್ಣ ಹಿಡುವಳಿಗಳು ಮತ್ತು ಅವುಗಳ ಪರಿಹಾರ’ ಎಂಬ ಅವರ ದೀರ್ಘ ಲೇಖನ ಭಾರತೀಯ ಅರ್ಥಶಾಸ್ತ್ರ ಸಂಘದ ಪತ್ರಿಕೆಯ ಮೊದಲ ಸಂಪುಟದಲ್ಲಿ ಅಚ್ಚಾಯಿತು. ಆಗ ಅವರಿಗೆ ಇಪ್ಪತ್ತೇಳು ವಯಸ್ಸು. ಮಲಗಲು ಕೋಣೆ ಕೊಡದ ಬರೋಡದ ವರದಿಯನ್ನು ಅವರು ಮುಂದಿಟ್ಟುಕೊಂಡು ಸಾಲು ಸಾಲಾಗಿ ಪರೀಕ್ಷೆ ಮಾಡಿದರು. ಅದರಲ್ಲಿ ಸಿಟ್ಟಿನ ಒಂದು ಮಾತೂ ಇಲ್ಲ. ತರ್ಕ ಇದೆ.

3. ಹೊಟ್ಟೆಯ ಅಳತೆ, ದುಡಿಮೆಯ ಅಳತೆ

ಆ ಲೇಖನದಲ್ಲಿ ಏನಿದೆ? ನಮ್ಮ ಹಳ್ಳಿಯ ಮಾತಿನಲ್ಲಿ ಹೇಳಿ ನೋಡೋಣ.

ಮೊದಲು ಅವರು ಎರಡು ಸಂಗತಿಗಳನ್ನು ಬೇರೆ ಮಾಡುತ್ತಾರೆ. ಚದುರಿದ ತುಂಡುಗಳನ್ನು ಒಂದು ಕಡೆ ಕೂಡಿಸುವುದು ಬೇರೆ, ಸಣ್ಣ ಹೊಲವನ್ನು ದೊಡ್ಡದು ಮಾಡುವುದು ಬೇರೆ. ಕೂಡಿಸಿದ ಮಾತ್ರಕ್ಕೆ ಅರ್ಧ ಎಕರೆ ಐದು ಎಕರೆ ಆಗುವುದಿಲ್ಲ.

ಎರಡನೆಯದು ಇನ್ನೂ ಗಟ್ಟಿ ಪ್ರಶ್ನೆ. ಹೊಲ ‘ಸಣ್ಣದು’ ಅಂತ ಯಾವ ಅಳತೆಯಲ್ಲಿ ಹೇಳುತ್ತೀರಿ? ಆಗಿನ ಪಂಡಿತರು ಹೇಳಿದ್ದು ಇದು: ಒಂದು ಕುಟುಂಬ ನೆಮ್ಮದಿಯಾಗಿ ಉಂಡು ಉಡುವಷ್ಟು ಬೆಳೆ ಕೊಡುವ ಹೊಲ ಸರಿಯಾದ ಹಿಡುವಳಿ, ಅದಕ್ಕಿಂತ ಕಡಿಮೆಯಾದರೆ ಸಣ್ಣದು. ಅಂಬೇಡ್ಕರರು ಇದು ಹೊಟ್ಟೆಯ ಅಳತೆ, ಇದರಿಂದ ಬೇಸಾಯ ಅಳೆಯಲಾಗದು ಎಂದರು. ಬೇಸಾಯ ಒಂದು ಉತ್ಪಾದನೆ. ಅದರಲ್ಲಿ ಭೂಮಿ, ದುಡಿಯುವ ಕೈ, ಬಂಡವಾಳ ಮೂರೂ ಸೇರಬೇಕು. ಎತ್ತು, ನೇಗಿಲು, ಬಾವಿ, ಗೊಬ್ಬರ ಎಲ್ಲ ಬಂಡವಾಳವೇ. ಮೂರರ ಪ್ರಮಾಣ ಹೊಂದಿದರೆ ಎರಡು ಎಕರೆಯೂ ಲಾಭದ ಹಿಡುವಳಿ. ಹೊಂದದಿದ್ದರೆ ಇಪ್ಪತ್ತು ಎಕರೆಯೂ ದಂಡ. ಒಂಟಿ ಎತ್ತಿನವನಿಗೆ ಹತ್ತು ಎಕರೆ ಕೊಟ್ಟರೆ ಏನು ಮಾಡಿಯಾನು? ನಮ್ಮ ರೈತನ ಹತ್ತಿರ ಇರುವ ಎತ್ತು ನೇಗಿಲು ನೋಡಿದರೆ, ಇರುವ ಹೊಲವೇ ಅವುಗಳಿಗೆ ದೊಡ್ಡದಾಯಿತು ಅನ್ನುವ ಮಟ್ಟಕ್ಕೆ ಅವರ ವಾದ ಹೋಗುತ್ತದೆ. ಹೊಲವನ್ನು ಹಿಗ್ಗಿಸಿದರೆ ರೋಗ ವಾಸಿಯಾಗದು, ಉಪಕರಣ ಬೇಕು.

ಮೂರನೆಯದು ಲೇಖನದ ತಿರುಳು. ಹೊಲ ಯಾಕೆ ಒಡೆಯುತ್ತಿದೆ? ಪಂಡಿತರು ಪಾಲಿನ ಕಾನೂನಿನ ಮೇಲೆ ಬೆರಳು ತೋರಿಸಿದರು. ಅಂಬೇಡ್ಕರರು ಒಪ್ಪಲಿಲ್ಲ. ನಾಲ್ಕು ಜನ ಅಣ್ಣತಮ್ಮಂದಿರು ಎರಡು ಎಕರೆಯನ್ನು ಹರಿದು ಹಂಚಿಕೊಳ್ಳುವುದು ಕಾನೂನು ಹೇಳಿತು ಅಂತಲ್ಲ, ಅವರಿಗೆ ಬದುಕಲು ಬೇರೆ ಕಸುಬಿಲ್ಲ. ಇಡೀ ದೇಶ ಒಂದೇ ನೆಲಕ್ಕೆ ಜೋತು ಬಿದ್ದಿದೆ. ನೆಲಕ್ಕೆ ಬೇಕಾದ ಕೈಗಿಂತ ಎಷ್ಟೋ ಹೆಚ್ಚು ಕೈ ಅಲ್ಲಿವೆ. ಆ ಕೈಗಳು ಸುಮ್ಮನೆ ಕೂತರೂ ಬಾಯಿ ಸುಮ್ಮನಿರುವುದಿಲ್ಲ. ಬಂಡವಾಳ ಸುಮ್ಮನೆ ಬಿದ್ದಿದ್ದರೆ ಅದರಿಂದ ಏನೂ ಹುಟ್ಟುವುದಿಲ್ಲ, ಅಷ್ಟೇ. ಶ್ರಮ ಸುಮ್ಮನಿದ್ದರೆ ಅದು ಹುಟ್ಟಿಸದೆಯೂ ತಿನ್ನಬೇಕು. ಅದರಿಂದ ಉಳಿತಾಯ ಇಲ್ಲ, ಉಳಿತಾಯ ಇಲ್ಲದೆ ಬಂಡವಾಳ ಇಲ್ಲ, ಬಂಡವಾಳ ಇಲ್ಲದೆ ಹೊಲ ಬೆಳೆಯುವುದಿಲ್ಲ.

ಹಾಗಾದರೆ ಮದ್ದು? ಕಾನೂನು ಹಾಕಿ ಹೊಲ ಕೂಡಿಸಿದರೆ ಕೈಯಲ್ಲಿದ್ದ ತುಂಡನ್ನೂ ಕಳಕೊಂಡ ಜನ ಕೂಲಿಗಳಾಗುತ್ತಾರೆ. ಆ ಹೆಚ್ಚಿನ ಕೈಗಳಿಗೆ ನೆಲದ ಹೊರಗೆ ಕೆಲಸ ಹುಟ್ಟಿಸಬೇಕು. ಕೈಗಾರಿಕೆ ಬೆಳೆಸುವುದೇ ಭಾರತದ ಬೇಸಾಯಕ್ಕೆ ಸರಿಯಾದ ಮದ್ದು ಎಂದು ಅವರು ತೀರ್ಮಾನ ಕೊಟ್ಟರು. ಜನ ನೆಲದಿಂದ ಎದ್ದರೆ ಹೊಲ ತಾನೇ ದೊಡ್ಡದಾಗುತ್ತದೆ, ದುಡಿಮೆಯಿಂದ ಉಳಿತಾಯ ಬರುತ್ತದೆ, ಉಳಿತಾಯದಿಂದ ಎತ್ತು ನೇಗಿಲು ಬರುತ್ತವೆ.

ಗೆಳೆಯರೇ, ಎಂ.ಎ. ಓದುತ್ತಿರುವವರು ಇಲ್ಲಿ ಒಂದು ನಿಮಿಷ ನಿಲ್ಲಿ. ಈ ವಾದವನ್ನು ನೀವು ಎಲ್ಲಿ ಓದಿದ್ದೀರಿ?

4. ಹೆಸರಿಟ್ಟವರು ಬೇರೆ

ಜೋನ್ ರಾಬಿನ್ಸನ್ ‘ಮರೆಮಾಚಿದ ನಿರುದ್ಯೋಗ’ ಅನ್ನುವ ಹೆಸರನ್ನು ಕೊಟ್ಟದ್ದು 1936ರಲ್ಲಿ. ರೋಸೆನ್‌ಸ್ಟೀನ್ ರೋಡಾನ್ ಯುರೋಪಿನ ಪೂರ್ವದ ಬಡ ದೇಶಗಳ ಹೊಲಗಳಲ್ಲಿ ಸಿಕ್ಕಿಕೊಂಡ ಜನರನ್ನು ಕಾರ್ಖಾನೆಗೆ ತರುವ ಯೋಜನೆ ಬರೆದದ್ದು 1943ರಲ್ಲಿ. ಹೊಲದ ಹೆಚ್ಚುವರಿ ಕೈಗಳೇ ಬಡ ದೇಶದ ಅಡಗಿದ ಉಳಿತಾಯ ಎಂದು ನರ್ಕ್ಸೆ ಹೇಳಿದ್ದು 1953ರಲ್ಲಿ. 1954ರಲ್ಲಿ ಆರ್ಥರ್ ಲೂಯಿಸ್ ತಮ್ಮ ಹೆಸರಾಂತ ಲೇಖನ ಬರೆದರು. ಒಂದು ದೇಶದಲ್ಲಿ ಎರಡು ವಲಯಗಳಿವೆ. ಒಂದು ಹೊಟ್ಟೆಪಾಡಿನ ಹಳೆಯ ವಲಯ, ಇನ್ನೊಂದು ಲಾಭದ ಹೊಸ ವಲಯ. ಹಳೆಯದರಲ್ಲಿ ಕೈಗಳು ತುಂಬಿ ತುಳುಕುತ್ತಿವೆ. ಹೊಟ್ಟೆಪಾಡಿಗಿಂತ ಸ್ವಲ್ಪ ಹೆಚ್ಚು ಕೂಲಿ ಕೊಟ್ಟರೆ ಅವು ಹೊಸದಕ್ಕೆ ಬರುತ್ತವೆ. ಲಾಭ ಮತ್ತೆ ಬಂಡವಾಳವಾಗುತ್ತದೆ. ಹೆಚ್ಚುವರಿ ಕೈಗಳು ತೀರುವ ತನಕ ಇದು ನಡೆಯುತ್ತದೆ. ಲೂಯಿಸರ ಮಾದರಿ ಎಂದು ಪಾಠವಾಗುವುದು ಇದೇ.

ನಾವು ಇಲ್ಲಿ ಲೂಯಿಸರ ಮೇಲೆ ಜಗಳಕ್ಕೆ ನಿಂತಿಲ್ಲ. ಅವರು ನಮ್ಮವರೇ. ಕೆರಿಬಿಯನ್ ಸಮುದ್ರದ ಸೇಂಟ್ ಲೂಸಿಯಾ ಎಂಬ ಪುಟ್ಟ ದ್ವೀಪದಲ್ಲಿ 1915ರಲ್ಲಿ ಹುಟ್ಟಿದ ಕಪ್ಪು ಮನುಷ್ಯ. ಇಂಜಿನಿಯರ್ ಆಗಬೇಕು ಅನ್ನುವ ಆಸೆ ಇತ್ತಂತೆ. ಕಪ್ಪು ಇಂಜಿನಿಯರನಿಗೆ ಸರ್ಕಾರವೂ ಕೆಲಸ ಕೊಡುವುದಿಲ್ಲ, ತೋಟದ ಬಿಳಿ ಧಣಿಗಳೂ ಕೊಡುವುದಿಲ್ಲ ಎಂದು ಆ ದಾರಿ ಬಿಟ್ಟರು. ವಿದ್ಯಾರ್ಥಿವೇತನ ಗೆದ್ದು 1933ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿಗೆ ಬಂದರು. ಹತ್ತು ವರ್ಷ ಹಿಂದೆ ನಮ್ಮ ಅಂಬೇಡ್ಕರರು ಡಿ.ಎಸ್ಸಿ. ಮುಗಿಸಿ ಬಿಟ್ಟುಬಂದ ಅದೇ ಶಾಲೆ. ಒಬ್ಬರು ಗುಲಾಮರ ಮೊಮ್ಮಕ್ಕಳ ನಾಡಿನಿಂದ, ಒಬ್ಬರು ಹೊಲೆಮಾದಿಗರ ಕೇರಿಯಂಥದೇ ಮಹಾರ್‌ವಾಡದ ಜನರಿಂದ. ದುಡಿಯುವ ಕೈಗಳು ಯಾಕೆ ಖಾಲಿಯಾಗಿವೆ ಅನ್ನುವ ಪ್ರಶ್ನೆ ಇಬ್ಬರಿಗೂ ಹೊಳೆದದ್ದು ಆಕಸ್ಮಿಕ ಅಂತ ನಮಗೆ ಅನ್ನಿಸುವುದಿಲ್ಲ. ಹೊಟ್ಟೆ ತುಂಬಿದವರ ಶಾಸ್ತ್ರಕ್ಕೆ ಆ ಪ್ರಶ್ನೆ ತಡವಾಗಿ ಕಾಣಿಸುತ್ತದೆ.

1979ರಲ್ಲಿ ಲೂಯಿಸರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಜೊತೆಗೆ ಹಂಚಿಕೊಂಡವರು ಥಿಯೋಡೋರ್ ಶುಲ್ಟ್ಜ್. ಹೊಲದಲ್ಲಿ ಹೆಚ್ಚುವರಿ ಕೈ ಅನ್ನುವುದೇ ಸುಳ್ಳು ಎಂದು ವಾದಿಸಿದವರು ಅವರು. 1964ರ ಪುಸ್ತಕದಲ್ಲಿ ಅವರು ತೋರಿಸಿದ ಪುರಾವೆ ಯಾವುದು ಗೊತ್ತೇ? 1918–19ರ ಭಾರತದ ಇನ್‌ಫ್ಲುಯೆಂಜಾ ಪಿಡುಗು. ಅಷ್ಟು ಜನ ಸತ್ತ ಮೇಲೆ ಬಿತ್ತನೆಯ ನೆಲವೂ ಕಡಿಮೆಯಾಯಿತು, ಅಂದರೆ ಆ ಕೈಗಳು ಹೆಚ್ಚುವರಿ ಆಗಿರಲಿಲ್ಲ ಎಂಬ ವಾದ. 1967ರಲ್ಲಿ ಅಮರ್ತ್ಯ ಸೇನರು ಅದನ್ನು ಪ್ರಶ್ನಿಸಿದರು. ವಾದ ಯಾರೇ ಗೆಲ್ಲಲಿ. ಬದುಕಿದ್ದರೆ ಹೆಚ್ಚುವರಿ, ಸತ್ತರೆ ಪುರಾವೆ, ಇದು ನಮ್ಮ ಜನಕ್ಕೆ ಶಾಸ್ತ್ರದಲ್ಲಿ ಸಿಕ್ಕ ಜಾಗ. ಆ ಪಿಡುಗಿನ ವರ್ಷವೇ ಅದೇ ಹೊಲಗಳ ಬಗ್ಗೆ ಒಬ್ಬ ಅಸ್ಪೃಶ್ಯ ಅರ್ಥಶಾಸ್ತ್ರಜ್ಞ ಬರೆದ ಲೇಖನ ಮಾತ್ರ ಚರ್ಚೆಯ ಹೊರಗೇ ಉಳಿಯಿತು.

ಇನ್ನೊಂದು ಸಂಗತಿ. ಆ ಲೇಖನ ಜನರ ಕೈಗೆ ಸುಲಭವಾಗಿ ಸಿಗುವಂತಾದದ್ದೂ 1979ರಲ್ಲೇ. ಮಹಾರಾಷ್ಟ್ರ ಸರ್ಕಾರ ಬಾಬಾಸಾಹೇಬರ ಬರಹ ಭಾಷಣಗಳ ಮೊದಲ ಸಂಪುಟ ತಂದಿತು. ಜಾತಿಯ ಹುಟ್ಟಿನ ಪ್ರಬಂಧ, ಜಾತಿ ವಿನಾಶದ ಬರಹ, ಸಣ್ಣ ಹಿಡುವಳಿಗಳ ಲೇಖನ ಮೂರೂ ಅದರಲ್ಲಿವೆ. ಬೆಂಗಳೂರಿನಲ್ಲಿ ಮೊದಲ ಬಂಡಾಯ ಸಾಹಿತ್ಯ ಸಮ್ಮೇಳನ ನಡೆದದ್ದೂ ಅದೇ ವರ್ಷದ ಮಾರ್ಚಿಯಲ್ಲಿ. ಬರೆದ ಅರವತ್ತೊಂದು ವರ್ಷದ ಮೇಲೆ ಆ ಲೇಖನ ನಮ್ಮ ಬಾಗಿಲಿಗೆ ಬಂತು. ನಾವು ಜಾತಿಯ ಪುಟಗಳನ್ನು ಎದೆಗೊತ್ತಿಕೊಂಡೆವು. ಹೊಲದ ಪುಟಗಳನ್ನು ಅಷ್ಟೇ ಗಟ್ಟಿಯಾಗಿ ಓದುವ ಕೆಲಸ ಇನ್ನೂ ಬಾಕಿ ಇದೆ.

5. ರೂಪಾಯಿಯ ಲೆಕ್ಕ

ನಿಂತ ಓದನ್ನು ಮುಗಿಸಲು ಅವರು 1920ರಲ್ಲಿ ಮತ್ತೆ ಲಂಡನ್ನಿಗೆ ಹೊರಟರು. ಸಂಬಳದಲ್ಲಿ ಉಳಿಸಿದ ಹಣ, ಗೆಳೆಯ ನವಲ್ ಭಥೇನರಿಂದ ಪಡೆದ ಐದು ಸಾವಿರ ರೂಪಾಯಿ ಸಾಲ, ಕೊಲ್ಲಾಪುರದ ಶಾಹು ಮಹಾರಾಜರ ನೆರವು. 1921ರಲ್ಲಿ ಎಂ.ಎಸ್ಸಿ. ಆಯಿತು. ಡಿ.ಎಸ್ಸಿ. ಪ್ರಬಂಧವನ್ನು ಪರೀಕ್ಷಕರು ತಿದ್ದಿ ಕೊಡಿ ಎಂದು ತಿರುಗಿಸಿದರು. ತಿದ್ದಿ ಕೊಟ್ಟು 1923ರಲ್ಲಿ ಪದವಿ ಪಡೆದರು. ಆ ವರ್ಷವೇ ಅದು ‘ರೂಪಾಯಿಯ ಸಮಸ್ಯೆ’ ಎಂಬ ಪುಸ್ತಕವಾಯಿತು. ಮುನ್ನುಡಿ ಬರೆದ ಗುರು ಎಡ್ವಿನ್ ಕ್ಯಾನನ್ ಶಿಷ್ಯನ ಜೊತೆ ತಮ್ಮ ಭಿನ್ನಾಭಿಪ್ರಾಯವನ್ನೂ ಬರೆದರು. 1925ರಲ್ಲಿ ಪ್ರಾಂತಗಳ ಹಣಕಾಸಿನ ಪುಸ್ತಕ ಬಂತು. ಅದಕ್ಕೆ ಮುನ್ನುಡಿ ಸೆಲಿಗ್ಮನ್ನರದು. 1927ರಲ್ಲಿ ಕೊಲಂಬಿಯಾದ ಪಿಎಚ್.ಡಿ. ಕೈಗೆ ಬಂತು. ಈ ಪದವಿಗಳ ಲೆಕ್ಕದಲ್ಲಿ ಎಲ್ಲೂ ಬರೆಯದ ಒಂದು ಬಾಬ್ತು ಇದೆ. ಮುಂಬಯಿಯಲ್ಲಿ ಸಂಸಾರ ಹೊತ್ತು ಹಸಿವು ನುಂಗಿದ ರಮಾಬಾಯಿಯವರದು ಅದು.

ರೂಪಾಯಿಗೂ ಕೇರಿಗೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ಆಗ ರೂಪಾಯಿಗೆ ಒಂದು ಶಿಲಿಂಗ್ ನಾಲ್ಕು ಪೆನ್ಸೋ ಆರು ಪೆನ್ಸೋ ಎಂದು ದೊಡ್ಡ ಜಗಳ. ರೂಪಾಯಿ ಬೆಲೆ ಇಳಿಸಿದರೆ ರಫ್ತಿನ ವ್ಯಾಪಾರಿಗೂ ಗಿರಣಿ ಮಾಲೀಕನಿಗೂ ಲಾಭ. ಆ ಲಾಭ ಎಲ್ಲಿಂದ ಬರುತ್ತದೆ ಎಂದು ಅಂಬೇಡ್ಕರರು ಕೇಳಿದರು. ಸಾಮಾನಿನ ಬೆಲೆ ಏರುತ್ತದೆ, ಕೂಲಿ ಅದೇ ವೇಗದಲ್ಲಿ ಏರುವುದಿಲ್ಲ. ಕೂಲಿಯವನ ಹಿಟ್ಟಿನ ಚೀಲದಿಂದ ಬಂದದ್ದೇ ಧಣಿಯ ಲಾಭ. 1925ರಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದೆ ಹೋಗಿ ಸಾಕ್ಷ್ಯ ಹೇಳಿದರು. ‘ಕೈ ಕೆಸರಾದರೆ ಬಾಯಿ ಮೊಸರು’ ಅನ್ನುತ್ತದೆ ಗಾದೆ. ಕೆಸರಾದ ಕೈ ಒಬ್ಬರದು, ಮೊಸರು ತಿಂದ ಬಾಯಿ ಇನ್ನೊಬ್ಬರದು ಎಂದು ಲೆಕ್ಕ ಹಾಕಿ ತೋರಿಸಿದ್ದು ಅವರು.

6. ಬಾಗಿಲಲ್ಲಿ ನಿಂತ ಜಾತಿ

ಈಗ ನಾವು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರೋಣ. ಅಂಬೇಡ್ಕರರು ಲೂಯಿಸರಿಗಿಂತ ಮೂವತ್ತಾರು ವರ್ಷ ಮೊದಲೇ ಹೇಳಿದರು ಎಂದು ಎದೆ ತಟ್ಟಿಕೊಂಡರೆ ಸಾಲದು. ಅವರು ಅಲ್ಲಿಗೆ ನಿಲ್ಲಲಿಲ್ಲ.

ಲೂಯಿಸರ ಮಾದರಿಯಲ್ಲಿ ಶ್ರಮ ನೀರಿನ ಹಾಗೆ ಹರಿಯುತ್ತದೆ. ಹೊಲದಲ್ಲಿ ಹೆಚ್ಚಾದದ್ದು ಕಾರ್ಖಾನೆಗೆ ಇಳಿಯುತ್ತದೆ. ನಮ್ಮ ದೇಶದಲ್ಲಿ ನೀರೇ ಹಾಗೆ ಹರಿಯಲಿಲ್ಲವಲ್ಲ! ಮಹಾಡಿನ ಕೆರೆಯ ನೀರು ಮುಟ್ಟಲು 1927ರಲ್ಲಿ ಮೆರವಣಿಗೆ ಮಾಡಬೇಕಾಯಿತು. ಇನ್ನು ಶ್ರಮ ಹರಿದೀತೆ?

ಮುಂಬಯಿಯ ಬಟ್ಟೆ ಗಿರಣಿ ನೋಡಿ. ಅಸ್ಪೃಶ್ಯರು ನೆಲ ಬಿಟ್ಟು ಊರು ಬಿಟ್ಟು ಅಲ್ಲಿಗೆ ಬಂದರು. ಶಾಸ್ತ್ರ ಹೇಳಿದಂತೆಯೇ ಬಂದರು. ಒಳಗೆ ಬಂದ ಮೇಲೆ ಹೆಚ್ಚು ಕೂಲಿಯ ನೇಯ್ಗೆ ಖಾತೆಗೆ ಅವರನ್ನು ಬಿಡಲಿಲ್ಲ. ಲಾಳಿಗೆ ನೂಲು ಏರಿಸುವಾಗ ಬಾಯಿಂದ ಎಳೆಯಬೇಕು. ಅಸ್ಪೃಶ್ಯನ ಬಾಯಿ ತಾಗಿದ ಲಾಳಿಗೆ ಸವರ್ಣ ಕೂಲಿ ಬಾಯಿ ಹಚ್ಚಲಾರ. 1928ರ ಗಿರಣಿ ಮುಷ್ಕರದ ಹೊತ್ತಿನಲ್ಲಿ ಬಾಬಾಸಾಹೇಬರು ಈ ಪ್ರಶ್ನೆಯನ್ನು ಕಾರ್ಮಿಕ ನಾಯಕರ ಮುಂದೆ ಇಟ್ಟರು. ಉಗಿಯಂತ್ರದ ಪಕ್ಕದಲ್ಲೇ ಮನು ಕೂತಿದ್ದ.

1936ರಲ್ಲಿ ಜಾತಿ ವಿನಾಶದ ಬರಹದಲ್ಲಿ ಅವರು ಇದನ್ನು ಶಾಸ್ತ್ರವಾಗಿಯೇ ಕಟ್ಟಿದರು. ಕೆಲಸವನ್ನು ಹಂಚಿಕೊಳ್ಳುವುದು ಎಲ್ಲ ಸಮಾಜದಲ್ಲೂ ಇದೆ. ಜಾತಿ ಮಾಡುವುದು ದುಡಿಯುವ ಮನುಷ್ಯರನ್ನೇ ಪಾಲು ಮಾಡಿ ಒಬ್ಬರ ಮೇಲೆ ಒಬ್ಬರನ್ನು ಪೇರಿಸುವ ಕೆಲಸ. ಕಾ‌ಲ ಬದಲಾದ ಹಾಗೆ ಒಂದು ಕಸುಬು ಸಾಯುತ್ತದೆ, ಇನ್ನೊಂದು ಹುಟ್ಟುತ್ತದೆ. ಆಗ ಮನುಷ್ಯ ಕಸುಬು ಬದಲಿಸಬೇಕು. ಜಾತಿ ಅದಕ್ಕೆ ಬಿಡುವುದಿಲ್ಲ. ಹಾಗಾಗಿ ನಮ್ಮ ನಿರುದ್ಯೋಗಕ್ಕೆ ಜಾತಿಯೂ ನೇರ ಕಾರಣ. 1918ರಲ್ಲಿ ಕೇಳಿದ ಪ್ರಶ್ನೆಗೆ 1936ರಲ್ಲಿ ಸಿಕ್ಕ ಇನ್ನರ್ಧ ಉತ್ತರ ಇದು. ಎರಡನ್ನೂ ಸೇರಿಸಿ ಓದಿದರೆ ಮಾತ್ರ ನಮ್ಮ ದೇಶದ ಅಭಿವೃದ್ಧಿ ಅರ್ಥಶಾಸ್ತ್ರ ಪೂರ್ತಿಯಾಗುತ್ತದೆ. ತರಗತಿಯಲ್ಲಿ ಒಂದನ್ನು ಮರೆತು, ಇನ್ನೊಂದನ್ನು ‘ಸಮಾಜಶಾಸ್ತ್ರದವರು ನೋಡಿಕೊಳ್ಳಲಿ’ ಎಂದು ಬಿಟ್ಟರೆ ಅದು ಅರೆಬೆಂದ ಶಾಸ್ತ್ರ.

ಅದು ಹಳೆಯ ಕಾಲದ ಮಾತು ಅನ್ನುವವರಿಗೆ ಒಂದು ಲೆಕ್ಕ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಖಾಸಗಿ ಕಂಪನಿಗಳ ಕೆಲಸಕ್ಕೆ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಹಾಕಿದರು. ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಾಧ್ಯತೆ ಮೇಲ್ಜಾತಿ ಹೆಸರಿನ ಅರ್ಜಿಯದಕ್ಕೆ ಹೋಲಿಸಿದರೆ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಲಾಳಿ ಹೋಯಿತು, ಬಾಗಿಲಲ್ಲಿ ನಿಂತವನು ಹೋಗಲಿಲ್ಲ.

7. ನೆಲದ ಪ್ರಶ್ನೆ ಇನ್ನೂ ನೆಲದ ಮೇಲಿದೆ

ಬಾಬಾಸಾಹೇಬರು ಕೈಗಾರಿಕೆ ಅಂದರು ಅಂತ ನೆಲವನ್ನು ಬಿಟ್ಟರು ಎಂದು ತಿಳಿಯಬಾರದು. 1927ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಸಣ್ಣ ಹಿಡುವಳಿಗಳ ಮಸೂದೆ ಬಂದಾಗ ಎದ್ದು ನಿಂತು ವಿರೋಧಿಸಿದರು. ಇದು ಬಡ ರೈತನನ್ನು ನೆಲದಿಂದ ಎಬ್ಬಿಸುತ್ತದೆ, ಅದರ ಬದಲು ಸಹಕಾರಿ ಬೇಸಾಯ ತನ್ನಿ ಎಂದರು. 1937ರಲ್ಲಿ ಕೊಂಕಣದ ಖೋತಿ ಪದ್ಧತಿ ರದ್ದಾಗಲಿ ಎಂದು ಮಸೂದೆ ಮಂಡಿಸಿದರು. 1947ರಲ್ಲಿ ಬರೆದ ‘ಪ್ರಭುತ್ವ ಮತ್ತು ಅಲ್ಪಸಂಖ್ಯಾತರು’ ಬರಹದಲ್ಲಿ ನೆಲವೆಲ್ಲ ಸರ್ಕಾರದ್ದಾಗಲಿ, ಜಾತಿ ಮತ ನೋಡದೆ ಊರವರೆಲ್ಲ ಸೇರಿ ಸಾಮೂಹಿಕವಾಗಿ ಉಳಲಿ, ಧಣಿಯೂ ಗೇಣಿದಾರನೂ ಬರಿಗೈ ಕೂಲಿಯೂ ಇಲ್ಲದಂತಾಗಲಿ ಎಂದರು. ಅದು ಸಂವಿಧಾನದೊಳಗೆ ಬರಲಿಲ್ಲ. ಯಾರು ಬಿಟ್ಟಾರು?

ನಮ್ಮ ನಾಡಿನಲ್ಲಿ 1974ರ ಭೂಸುಧಾರಣೆ ‘ಉಳುವವನೇ ಹೊಲದೊಡೆಯ’ ಎಂದು ಬಂತು. ಗೇಣಿದಾರರಿಗೆ ನೆಲ ಸಿಕ್ಕಿತು, ಒಳ್ಳೆಯದೇ ಆಯಿತು. ಆದರೆ ಕೇರಿಯವರು ಬಹುಪಾಲು ಗೇಣಿದಾರರೂ ಆಗಿರಲಿಲ್ಲ, ಕೂಲಿಗಳು, ಜೀತಗಾರರು. ನೇಗಿಲು ಹಿಡಿದು ಉತ್ತವರು ಅವರೇ, ದಾಖಲೆಯಲ್ಲಿ ‘ಉಳುವವರು’ ಬೇರೆ. 1979ರ ಜನವರಿಯಿಂದ ಜಾರಿಗೆ ಬಂದ ಕಾಯಿದೆ ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ನೆಲ ಬೇರೆಯವರ ಪಾಲಾಗುವುದನ್ನು ತಡೆಯಲು ಹೊರಟಿತು. ಅದಕ್ಕಾಗಿ ನಮ್ಮ ಜನ ಕೋರ್ಟು ಕಚೇರಿ ಅಲೆದದ್ದು ಬೇರೆಯೇ ಚರಿತ್ರೆ. 2020ರಲ್ಲಿ ಬೇಸಾಯಗಾರರಲ್ಲದವರು ಕೃಷಿ ಭೂಮಿ ಕೊಳ್ಳಬಾರದು ಅನ್ನುವ ನಿರ್ಬಂಧವನ್ನು ಕರ್ನಾಟಕ ಕಿತ್ತುಹಾಕಿತು. ದುಡ್ಡಿದ್ದವನೇ ಹೊಲದೊಡೆಯ.

2011ರ ಜನಗಣತಿಯಲ್ಲಿ ದೇಶದ ಬೇಸಾಯಗಾರರು 11.88 ಕೋಟಿ, ಕೃಷಿ ಕೂಲಿಗಳು 14.43 ಕೋಟಿ. ಹೊಲ ಇದ್ದವರಿಗಿಂತ ಹೊಲದಲ್ಲಿ ಕೂಲಿ ಮಾಡುವವರೇ ಹೆಚ್ಚು. 1970–71ರಲ್ಲಿ ಸರಾಸರಿ ಹಿಡುವಳಿ 2.28 ಹೆಕ್ಟೇರ್ ಇದ್ದದ್ದು 2015–16ರ ಹೊತ್ತಿಗೆ 1.08 ಹೆಕ್ಟೇರ್ ಆಯಿತು. 1918ರ ಲೇಖನ ಹಳತಾಗಿದೆಯೇ? ನೀವೇ ಹೇಳಿ.

8. ನಾವು ಓದಬೇಕಾದ ಬಗೆ

ಅರ್ಥಶಾಸ್ತ್ರದ ಎಂ.ಎ., ಪಿಎಚ್.ಡಿ.ಗೆ ಬರುವ ನಮ್ಮ ಹುಡುಗ ಹುಡುಗಿಯರನ್ನು ಎರಡು ಗೋಡೆ ತಡೆಯುತ್ತವೆ. ಒಂದು ಇಂಗ್ಲಿಷು, ಇನ್ನೊಂದು ಗಣಿತ. ಎರಡೂ ಬ್ರಹ್ಮಲಿಪಿಯಲ್ಲ. ಹಿರಿಯರು ಕೂಡಿಸಿ ಕಳೆದು ಗೌಡರ ಸಾಲದ ಲೆಕ್ಕ ಬಾಯಲ್ಲೇ ಇಟ್ಟುಕೊಂಡವರು, ಮಕ್ಕಳಿಗೆ ಗಣಿತ ಬಾರದೆ ಹೋದೀತೆ? ಮೂರನೆಯ ಗೋಡೆ ದುಡ್ಡು. ವಿದ್ಯಾರ್ಥಿವೇತನ ತಡವಾದರೆ ಓದು ನಿಲ್ಲುತ್ತದೆ, 1917ರಲ್ಲಿ ಲಂಡನ್ನಿನಲ್ಲಿ ನಿಂತ ಹಾಗೆ. ಸ್ವತಂತ್ರ ಭಾರತ 1954–55ರಲ್ಲಿ ಪರಿಶಿಷ್ಟರಿಗೆ ವಿದೇಶದಲ್ಲಿ ಓದಲು ವಿದ್ಯಾರ್ಥಿವೇತನ ಶುರು ಮಾಡಿತು. 2022ರಲ್ಲಿ ಅದಕ್ಕೊಂದು ಹೊಸ ನಿಯಮ ಸೇರಿತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಾಮಾಜಿಕ ಅಧ್ಯಯನದ ವಿಷಯಗಳಿಗೆ ಆ ಹಣ ಇಲ್ಲ ಎಂದು. ಹಾಗಿದ್ದರೆ ಜಾತಿಯ ಹುಟ್ಟನ್ನು ಹುಡುಕಿದ 1916ರ ಕೊಲಂಬಿಯಾದ ವಿದ್ಯಾರ್ಥಿಗೆ ಏನಾಗುತ್ತಿತ್ತು? ಬರೋಡದ ರಾಜನಿಗಿದ್ದ ಧೈರ್ಯ ಪ್ರಜಾಸರ್ಕಾರಕ್ಕೆ ಬೇಡವೇ?

ಕೇಳುವುದನ್ನು ಕೇಳುತ್ತಲೇ ನಾವು ಮಾಡಬೇಕಾದ ಕೆಲಸವೂ ಇದೆ. ಬಾಬಾಸಾಹೇಬರ ಬರಹಗಳ ಸಂಪುಟಗಳು ಕನ್ನಡದಲ್ಲಿ ಬಂದಿವೆ. ಹಾಸ್ಟೆಲಿನ ಕೋಣೆಗಳಲ್ಲಿ, ಊರಿನ ಅಂಬೇಡ್ಕರ್ ಭವನಗಳಲ್ಲಿ ಹತ್ತು ಜನ ಕೂತು ಸಣ್ಣ ಹಿಡುವಳಿಗಳ ಲೇಖನವನ್ನು ಗಟ್ಟಿಯಾಗಿ ಓದಿ, ತಮ್ಮ ಊರಿನ ಮಾತಿಗೆ ತಿರುಗಿಸಿಕೊಳ್ಳಬೇಕು. ಹಳ್ಳಿ ಶಾಲೆಯ ಮೇಷ್ಟ್ರುಗಳು ಮಕ್ಕಳ ಕೈಲಿ ಒಂದು ಕೆಲಸ ಮಾಡಿಸಬಹುದು. ಊರಿನ ಹೊಲ ಯಾರ ಹೆಸರಲ್ಲಿ ಎಷ್ಟು ಗುಂಟೆ ಇದೆ, ಅದರಲ್ಲಿ ಯಾರ ಕೈ ದುಡಿಯುತ್ತದೆ, ವರ್ಷದಲ್ಲಿ ಎಷ್ಟು ದಿನ ಕೂಲಿ ಸಿಗುತ್ತದೆ, ಕೇರಿಯಿಂದ ಪಟ್ಟಣಕ್ಕೆ ಹೋದವರು ಅಲ್ಲಿ ಯಾವ ಕೆಲಸಕ್ಕೆ ನಿಂತರು ಎಂದು ಒಂದು ನೋಟುಬುಕ್ಕಿನಲ್ಲಿ ಬರೆಸಿ. ಗಾರೆ ಕೆಲಸವೋ, ಪೌರಕಾರ್ಮಿಕರೋ, ಲಾಳಿ ಹಿಡಿಯಲು ಬಿಟ್ಟರೋ? ಎಂ.ಎ. ಓದುವವರು ಆ ನೋಟುಬುಕ್ಕು ಹಿಡಿದುಕೊಂಡೇ ತರಗತಿಗೆ ಹೋಗಬೇಕು. ಲೂಯಿಸರ ಮಾದರಿಯ ಚಿತ್ರವನ್ನು ಬೋರ್ಡಿನ ಮೇಲೆ ಬರೆದಾಗ ಕೈ ಎತ್ತಿ ಕೇಳಬೇಕು: ಸಾರ್, ಹೊಲದಿಂದ ಹೊರಟವರು ಕಾರ್ಖಾನೆಗೆ ಬಂದರು ಅಂದಿರಿ, ಬಾಗಿಲು ತೆಗೆದವರು ಯಾರು?